ಕಲ್ಲಿನ ಫೋಟೊ, ಕಡತದ ಒಳಗು

ಡಿಜಿಟಲ್ ಫೋಟೊದ ಕಡತದಲ್ಲಿ ಚಿತ್ರದ ಜೊತೆಗೆ ಚಿತ್ರದ ಬಗೆಗಿನ ವಿವರಗಳೂ ಇರುತ್ತವೆ. ಯಾವ ಕ್ಯಾಮೆರಾ, ಯಾವ ದಿನ, ಯಾವ ಹೊತ್ತು, ಭೂಮಿಯ ಮೇಲಿನ ಯಾವ ಬಿಂದು ಎಂಬ ಈ ಮಾಹಿತಿಗೆ ಮೆಟಾಡೇಟಾ ಎಂದು ಹೆಸರು. ಚಿತ್ರದ ಒಂದು ಚುಕ್ಕೆಯೂ ಕದಲದ ಹಾಗೆ ಇದನ್ನು ತಿದ್ದಬಹುದು, ಹೆಚ್ಚಿಸಬಹುದು, ಪೂರ್ತಿ ಅಳಿಸಲೂಬಹುದು. ಹಾಗೆ ಮಾಡುವುದು ಸರಿಯೇ ಎಂಬ ಪ್ರಶ್ನೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಶಾಸನಗಳ ವಿಷಯದಲ್ಲಿ ನಿಜವಾದ ಬಿಕ್ಕಟ್ಟಾಗಿದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲೂಕುಗಳ ಕೆರೆ ಏರಿ, ಹೊಲದ ಬದು, ಗುಡಿಯಂಗಳಗಳಲ್ಲಿದ್ದ ಶಾಸನಗಳನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟದಲ್ಲಿ 1905ರಲ್ಲಿ ಪ್ರಕಟಿಸಿದರು. ಕಾಗದ ಒತ್ತಿ ಅಚ್ಚು ತೆಗೆಯುತ್ತಿದ್ದ ಕೆಲಸಕ್ಕೆ ಈಗ ಕ್ಯಾಮೆರಾ, ಸ್ಕ್ಯಾನರ್ ಬಂದಿವೆ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಈ ಸೀಮೆಯ ಶಾಸನಗಳನ್ನು ಮೂರು ಆಯಾಮಗಳಲ್ಲಿ ದಾಖಲಿಸುತ್ತಿದೆ. ಊರೂರಿನ ಆಸಕ್ತರು ತಮ್ಮ ಫೋನಿನಲ್ಲೇ ಫೋಟೊ ತೆಗೆದು ಕೂಡಿಡುತ್ತಿದ್ದಾರೆ.

ಇಲ್ಲಿ ಮಾತಾಡುವವರು ಇಬ್ಬರು: ಶಾಸನದ ಫೋಟೊ ಕೂಡಿಡುತ್ತ ಬಂದ ಹಿರಿಯರು ಮತ್ತು ಕಡತಗಳ ಒಳರಚನೆ ಬಲ್ಲ ಯುವತಿ.

ಹಿರಿಯರು: ಕಲ್ಲಿನ ಫೋಟೊ ಅಂದರೆ ಸಾಕ್ಷಿ. ಕ್ಯಾಮೆರಾ ಬರೆದದ್ದು ಬರೆದ ಹಾಗೇ ಇರಲಿ. ಅದನ್ನು ತಿದ್ದುವುದು ಶಾಸನದ ಮೇಲೆ ಉಳಿ ಆಡಿಸಿದ ಹಾಗೆ.

ಯುವತಿ: ಶಾಸನ ಕೆತ್ತಿಸಿದವರಿಗೆ ತಾವು ಹೇಳುವುದೇನು ಅಂತ ಗೊತ್ತಿತ್ತು. ಕ್ಯಾಮೆರಾಕ್ಕೆ ಗೊತ್ತಿರುವುದು ತನ್ನ ಮಾದರಿ, ಲೆನ್ಸಿನ ಅಳತೆ, ಗಡಿಯಾರ, ಉಪಗ್ರಹ ಹೇಳಿದ ಜಾಗ, ಇಷ್ಟೇ. ಇದು ಯಾವ ಕಲ್ಲು, ರೈಸ್ ಸಂಪುಟದಲ್ಲಿ ಎಷ್ಟನೇ ಸಂಖ್ಯೆ, ಯಾವ ಕೆರೆಯ ಏರಿ ಅನ್ನುವುದು ಅದಕ್ಕೇನು ಗೊತ್ತು?

ಹಿರಿಯರು: ಅದಕ್ಕೆ ನೋಟ್‌ಬುಕ್ ಇದೆಯಲ್ಲ.

ಯುವತಿ: ಇದೆ. ಆದರೆ ಫೋಟೊ ಹತ್ತು ಕಡೆ ಹೋಗುತ್ತದೆ, ನೋಟ್‌ಬುಕ್ ಒಂದೇ ಮನೆಯಲ್ಲಿ ಉಳಿಯುತ್ತದೆ.

ಹಿರಿಯರು: ಸರಿ, ಬರೆಯುವುದಾದರೆ ಎಲ್ಲಿ ಬರೆಯುತ್ತಾರೆ? ಚಿತ್ರದ ಮೇಲೆಯೇ?

ಯುವತಿ: ಅಲ್ಲ, ಚಿತ್ರಕ್ಕಿಂತ ಮುಂಚೆ. ಜೆಪೆಗ್ ಕಡತ ಎಫ್‌ಎಫ್ ಡಿ8 ಎಂಬ ಎರಡು ಬೈಟ್‌ಗಳಿಂದ ಶುರುವಾಗಿ ಎಫ್‌ಎಫ್ ಡಿ9ಕ್ಕೆ ಮುಗಿಯುತ್ತದೆ. ನಡುವೆ ಖಂಡಗಳು. ಪ್ರತಿ ಖಂಡಕ್ಕೂ ಎಫ್‌ಎಫ್‌ನಿಂದ ಶುರುವಾಗುವ ಒಂದು ಗುರುತು, ಅದರ ಬೆನ್ನಿಗೆ ಎರಡು ಬೈಟ್‌ನಲ್ಲಿ ಖಂಡದ ಉದ್ದ. ಉದ್ದ ಬರೆಯಲು ಎರಡೇ ಬೈಟ್ ಇರುವುದರಿಂದ ಯಾವ ಖಂಡವೂ 65,535 ಬೈಟ್ ದಾಟುವಂತಿಲ್ಲ. ಕ್ಯಾಮೆರಾ ಬರೆಯುವ ಎಕ್ಸಿಫ್ ಎಂಬ ಮಾಹಿತಿ ಎಫ್‌ಎಫ್ ಇ1 ಖಂಡದಲ್ಲಿ ಕೂರುತ್ತದೆ. ಬಣ್ಣದ ಪ್ರೊಫೈಲ್ ಎಫ್‌ಎಫ್ ಇ2ರಲ್ಲಿ. ಆಮೇಲೆ ಸಂಕೋಚಿಸಿದ ಚಿತ್ರ. ಈ ಮಾಹಿತಿಯ ಖಂಡಗಳನ್ನು ತೆಗೆದರೂ ಹಾಕಿದರೂ ಚಿತ್ರದ ಬೈಟ್‌ಗಳಿಗೆ ಏನೂ ಆಗುವುದಿಲ್ಲ.

ಹಿರಿಯರು: ಹಾಗಿದ್ದರೆ ನಾನು ಒಂದು ಸಲ ತೆರೆದು ಹೆಸರು ಬರೆದು ಉಳಿಸಿದ ಮೇಲೆ ಅಕ್ಷರಗಳ ಅಂಚು ಮಸುಕಾಗಿದ್ದು ಯಾಕೆ?

ಯುವತಿ: ಫೋಟೊ ತಿದ್ದುವ ತಂತ್ರಾಂಶದಲ್ಲಿ ತೆರೆದು ‘ಉಳಿಸು’ ಒತ್ತಿದರೆ ಅದು ಚಿತ್ರವನ್ನು ಬಿಡಿಸಿ ಮತ್ತೆ ಸಂಕೋಚಿಸುತ್ತದೆ. ಸವೆದ ಶಾಸನದಲ್ಲಿ ಅಕ್ಷರಕ್ಕೂ ಕಲ್ಲಿನ ಒರಟಿಗೂ ಇರುವ ವ್ಯತ್ಯಾಸ ಮೊದಲೇ ಕೂದಲೆಳೆಯಷ್ಟು. ಅದು ಇನ್ನೂ ಕರಗುತ್ತದೆ. ಖಂಡಗಳನ್ನು ಮಾತ್ರ ಮುಟ್ಟುವ ಉಪಕರಣಗಳು ಬೇರೆ ಇವೆ. ಫಿಲ್ ಹಾರ್ವೆ 2003ರಲ್ಲಿ ಹೊರತಂದ ಎಕ್ಸಿಫ್‌ಟೂಲ್ ಅಂಥದ್ದು, ಉಚಿತ. ಬದಲಾಯಿಸುವ ಮುಂಚೆ ಮೂಲ ಕಡತವನ್ನು ಬೇರೆ ಹೆಸರಿನಲ್ಲಿ ತಾನಾಗಿಯೇ ಉಳಿಸಿಕೊಳ್ಳುತ್ತದೆ.

ಎಕ್ಸಿಫ್ ಖಂಡದ ಒಳಗೆ ಇನ್ನೊಂದು ಪುಟ್ಟ ರಚನೆ ಇದೆ. ಅದರ ತಲೆಯಲ್ಲಿ ‘ಐಐ’ ಅಥವಾ ‘ಎಂಎಂ’ ಎಂಬ ಎರಡು ಅಕ್ಷರ. ಅಂಕಿಗಳನ್ನು ಯಾವ ಕಡೆಯಿಂದ ಓದಬೇಕು ಎಂದು ಅವು ಹೇಳುತ್ತವೆ. ಬಳಿಕ 42 ಎಂಬ ಸಂಖ್ಯೆ, ಬಳಿಕ ಪಟ್ಟಿ. ಪಟ್ಟಿಯ ಪ್ರತಿ ನಮೂದಿಗೂ 12 ಬೈಟ್: ಟ್ಯಾಗ್ ಎಂಬ ಗುರುತಿನ ಸಂಖ್ಯೆಗೆ ಎರಡು, ಬಗೆಗೆ ಎರಡು, ಎಣಿಕೆಗೆ ನಾಲ್ಕು, ಮೌಲ್ಯಕ್ಕೆ ನಾಲ್ಕು. ಮೌಲ್ಯ ನಾಲ್ಕು ಬೈಟ್‌ನಲ್ಲಿ ಹಿಡಿಯದಿದ್ದರೆ ಅದು ಬೇರೆಡೆ ಇರುತ್ತದೆ. ನಮೂದಿನಲ್ಲಿ ಆ ಜಾಗ ತಲೆಯಿಂದ ಎಷ್ಟು ದೂರ ಎಂದಷ್ಟೇ ಬರೆದಿರುತ್ತದೆ. ಕಡತದ ಬೈಟ್‌ಗಳನ್ನೇ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ಕೈಯಾರೆ ತಿದ್ದುವವರು ಎಡವುವುದು ಇಲ್ಲಿಯೇ. ಒಂದು ಅಕ್ಷರ ಹೆಚ್ಚಿಗೆ ತುರುಕಿದರೆ ಮುಂದಿನದೆಲ್ಲ ಒಂದು ಬೈಟ್ ಸರಿಯುತ್ತದೆ, ದೂರದ ಲೆಕ್ಕಗಳೆಲ್ಲ ತಪ್ಪುತ್ತವೆ. ಅಕ್ಷರಕ್ಕೆ ಅಕ್ಷರ ಬದಲಿಸಿದರೆ ಮಾತ್ರ ರಚನೆ ಉಳಿಯುತ್ತದೆ. ಕ್ಯಾಮೆರಾ ತಯಾರಕರು ತಮಗಾಗಿ ಇಟ್ಟುಕೊಳ್ಳುವ ಟಿಪ್ಪಣಿಯ ಭಾಗವಂತೂ ತುಂಬ ನಾಜೂಕು. ಅದರ ಒಳಗಿನ ದೂರದ ಲೆಕ್ಕ ಬಹಿರಂಗವಾಗಿಲ್ಲದ ಕಾರಣ ಅದರ ಜಾಗ ಬದಲಿಸುವ ಎಷ್ಟೋ ತಂತ್ರಾಂಶಗಳು ಅದನ್ನು ಕೆಡಿಸಿಬಿಡುತ್ತವೆ.

ಹಿರಿಯರು: ಕನ್ನಡದಲ್ಲಿ ಬರೆಯಬಹುದೋ? ಕಲ್ಲಿನ ಮೇಲೆ ಕನ್ನಡ ಇದ್ದು ಕಡತದಲ್ಲಿ ಇಂಗ್ಲಿಷ್ ಮಾತ್ರ ಅಂದರೆ ನನಗೆ ಒಪ್ಪಿಗೆಯಿಲ್ಲ.

ಯುವತಿ: ಬರೆಯಬಹುದು, ಜಾಗ ಆರಿಸಿಕೊಳ್ಳಬೇಕು. ಎಕ್ಸಿಫ್ 1995ರಲ್ಲಿ ಜಪಾನಿನಲ್ಲಿ ಹುಟ್ಟಿದಾಗ ಚಿತ್ರದ ವಿವರಣೆಯ ಟ್ಯಾಗಿಗೆ ಆಸ್ಕಿ ಅಕ್ಷರ ಮಾತ್ರ ಅಂತ ನಿಗದಿ ಮಾಡಿದರು. ಯುಟಿಎಫ್-8ಕ್ಕೆ ಅಲ್ಲಿ ಅಧಿಕೃತವಾಗಿ ಜಾಗ ಸಿಕ್ಕಿದ್ದು 2023ರ 3.0 ಆವೃತ್ತಿಯಲ್ಲಿ. ಅದಕ್ಕೆ ಮುಂಚೆ ಕನ್ನಡ ತುಂಬಿದ ಕಡತ ಒಂದು ಕಡೆ ಸರಿಯಾಗಿ ಕಾಣುತ್ತದೆ, ಇನ್ನೊಂದು ಕಡೆ ಕಲಸುಮೇಲೋಗರ. ಅಡೋಬಿ 2001ರಲ್ಲಿ ತಂದ ಎಕ್ಸ್‌ಎಂಪಿ ಎಂಬ ಇನ್ನೊಂದು ಬಗೆ ಇದೆ. ಅದೂ ಎಫ್‌ಎಫ್ ಇ1 ಖಂಡದಲ್ಲೇ ಇರುತ್ತದೆ, ಯೂನಿಕೋಡ್ ಅದರ ಹುಟ್ಟುಗುಣ. ಕನ್ನಡಕ್ಕೆ ಅದೇ ಸರಿ.

ಹಿರಿಯರು: ಸುದ್ದಿಮನೆಗಳವರು ಬಳಸುವುದು ಐಪಿಟಿಸಿ ಅಲ್ಲವೆ?

ಯುವತಿ: ಹಳೆಯ ಐಪಿಟಿಸಿ ಪಟ್ಟಿಯಲ್ಲಿ ಊರಿನ ಹೆಸರಿಗೆ ಕೊಟ್ಟಿರುವುದು 32 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಒತ್ತಕ್ಷರದ ನಡುವಿನ ವಿರಾಮ, ಕೊಂಬು, ದೀರ್ಘ ಎಲ್ಲ ಬೇರೆ ಬೇರೆ ಸಂಕೇತ. ನೆಲಮಂಗಲಕ್ಕೆ 21 ಬೈಟ್, ಹೊಸಕೋಟೆಗೂ 21, ದೇವನಹಳ್ಳಿಗೆ 27. ದೊಡ್ಡಬಳ್ಳಾಪುರಕ್ಕೆ ಹದಿಮೂರು ಸಂಕೇತ, 39 ಬೈಟ್. ಹಿಡಿಯುವುದಿಲ್ಲ. ಮಿತಿಯನ್ನು ಕುರುಡಾಗಿ ಪಾಲಿಸುವ ತಂತ್ರಾಂಶ ‘ದೊಡ್ಡಬಳ್ಳಾ’ ಅಂತ ಬರೆದು, ‘ಪ’ ಅಕ್ಷರದ ಮೂರು ಬೈಟ್‌ಗಳಲ್ಲಿ ಎರಡನ್ನು ಮಾತ್ರ ಉಳಿಸಿ ಕತ್ತರಿಸುತ್ತದೆ. ಓದುವವರಿಗೆ ಕೊನೆಯಲ್ಲಿ ಒಂದು ಪ್ರಶ್ನಾರ್ಥಕ ಚೌಕ ಕಾಣುತ್ತದೆ.

ಹಿರಿಯರು: ನಾಲ್ಕು ತಾಲೂಕಿನಲ್ಲಿ ಒಂದರ ಹೆಸರು ಮಾತ್ರ ಮುರಿಯುತ್ತದೆ!

ಯುವತಿ: ಎಕ್ಸ್‌ಎಂಪಿಯಲ್ಲಿ ಆ ಮಿತಿಯಿಲ್ಲ. ಅದೇ ಐಪಿಟಿಸಿ ಮಾಹಿತಿಯನ್ನು ಅಲ್ಲಿ ಇಡಬಹುದು. ಅಚ್ಚುಪ್ರತಿಗಳನ್ನು ಸ್ಕ್ಯಾನ್ ಮಾಡಿ ಪಿಎನ್‌ಜಿಯಲ್ಲಿ ಇಡುವವರಿಗೂ ಇಂಥದೇ ಎಚ್ಚರ ಬೇಕು. ಅದರಲ್ಲಿ ಸಾದಾ ಪಠ್ಯದ ತುಂಡಿಗೆ ಲ್ಯಾಟಿನ್ ಲಿಪಿ ಮಾತ್ರ. ಕನ್ನಡಕ್ಕೆ ‘ಐಟೆಕ್ಸ್ಟ್’ ಎಂಬ ತುಂಡೇ ಆಗಬೇಕು.

ಪಿಎನ್‌ಜಿಯ ಕಟ್ಟಡ ಜೆಪೆಗ್‌ಗಿಂತ ಸರಳ. ಎಂಟು ಬೈಟ್‌ನ ಸಹಿ, ಆಮೇಲೆ ಸಾಲಾಗಿ ತುಂಡುಗಳು. ಪ್ರತಿ ತುಂಡಿಗೂ ಉದ್ದ, ನಾಲ್ಕಕ್ಷರದ ಹೆಸರು, ಸರಕು, ಕೊನೆಗೆ ಸಿಆರ್‌ಸಿ ಎಂಬ ತಾಳೆಯ ಸಂಖ್ಯೆ. ಒಳಗೆ ಒಂದು ಬೈಟ್ ಬದಲಿಸಿ ಸಿಆರ್‌ಸಿ ಮತ್ತೆ ಲೆಕ್ಕ ಹಾಕದಿದ್ದರೆ ತಾಳೆ ತಪ್ಪುತ್ತದೆ. ಕಡತ ನಕಲಾಗುವಾಗ ಕೆಟ್ಟಿದ್ದನ್ನು ಇದು ಹಿಡಿಯುತ್ತದೆ. ಬೇಕೆಂದೇ ತಿದ್ದಿದವರು ತಾಳೆಯನ್ನೂ ಹೊಸದಾಗಿ ಬರೆಯುತ್ತಾರಾದ್ದರಿಂದ ಇದನ್ನು ಪ್ರಾಮಾಣಿಕತೆಯ ಮುದ್ರೆ ಎಂದು ತಿಳಿಯಬಾರದು.

ಹಿರಿಯರು: ಸೇರಿಸುವುದು ಒಂದು ಮಾತು. ಆದರೆ ಕ್ಯಾಮೆರಾ ಬರೆದ ದಿನಾಂಕವನ್ನೇ ಬದಲಿಸುತ್ತಾರಲ್ಲ, ಅದಕ್ಕೆ ಏನನ್ನಬೇಕು?

ಯುವತಿ: ಕ್ಯಾಮೆರಾದ ಗಡಿಯಾರ ತಪ್ಪಿದ್ದರೆ? ಬ್ಯಾಟರಿ ತೆಗೆದಿಟ್ಟು ವರ್ಷವಾದ ಕ್ಯಾಮೆರಾ ಎಷ್ಟೋ ವರ್ಷ ಹಿಂದಿನ ಜನವರಿ ಒಂದಕ್ಕೆ ಹೋಗಿ ಕೂರುತ್ತದೆ. ಆ ದಿನಾಂಕವನ್ನು ಹಾಗೇ ಬಿಟ್ಟರೆ ಸುಳ್ಳನ್ನು ಕಾಪಾಡಿದಂತೆ ಆಯಿತು.

ಹಿರಿಯರು: ತಪ್ಪಿದೆ ಅಂತ ಪಕ್ಕದಲ್ಲಿ ಬರೆಯಲಿ. ಶಾಸನ ಓದುವಾಗ ಕೆತ್ತಿದವನ ತಪ್ಪನ್ನೂ ಇದ್ದ ಹಾಗೇ ಕೊಟ್ಟು, ತಿದ್ದುಪಡಿಯನ್ನು ಕಂಸದಲ್ಲಿ ಕೊಡುತ್ತಾರೆ. ಆ ಶಿಸ್ತು ಇಲ್ಲಿ ಯಾಕೆ ಬೇಡ?

ಯುವತಿ: ಒಪ್ಪಿದೆ, ಆ ಶಿಸ್ತು ಬೇಕು. ಆದರೆ ಕಾಲಕ್ರಮದಲ್ಲಿ ಫೋಟೊ ಜೋಡಿಸುವ ಯಂತ್ರ ಟಿಪ್ಪಣಿ ಓದುವುದಿಲ್ಲ, ಟ್ಯಾಗ್ ಓದುತ್ತದೆ. ಹಾಗಾಗಿ ಮೂಲಕ್ಕೆ ಕೈ ಹಚ್ಚದೆ ಪ್ರತಿಯಲ್ಲಿ ತಿದ್ದಬೇಕು. ತಿದ್ದಲು ಆಧಾರವೂ ಸಿಗುತ್ತದೆ. ಜಿಪಿಎಸ್ ಸಮಯದ ಟ್ಯಾಗ್ ಕ್ಯಾಮೆರಾದ ಗಡಿಯಾರವನ್ನು ನಂಬುವುದಿಲ್ಲ. ಉಪಗ್ರಹದಿಂದ ಬಂದ ಸಾರ್ವತ್ರಿಕ ಕಾಲ ಅಲ್ಲಿರುತ್ತದೆ. ಎರಡರ ನಡುವೆ ಸರಿಯಾಗಿ ಐದೂವರೆ ಗಂಟೆ ಅಂತರ ಇದ್ದರೆ ಗಡಿಯಾರ ಸರಿಯಿತ್ತು. ಇಲ್ಲದಿದ್ದರೆ ಎಷ್ಟು ತಪ್ಪಿತ್ತು ಅಂತ ನಿಮಿಷದ ಲೆಕ್ಕದಲ್ಲಿ ಹೇಳಬಹುದು. ಯಾವ ಕಾಲವಲಯ ಅಂತ ಬರೆಯುವ ಟ್ಯಾಗ್ ಎಕ್ಸಿಫ್‌ಗೆ ಬಂದಿದ್ದೇ 2016ರಲ್ಲಿ.

ಹಿರಿಯರು: ಅಂದರೆ ತಿದ್ದಿದವರು ಒಂದನ್ನು ತಿದ್ದಿ ಇನ್ನೊಂದನ್ನು ಮರೆತರೆ ಸಿಕ್ಕಿಬೀಳುತ್ತಾರೆ.

ಯುವತಿ: ಹೌದು. ಮರೆಯುವ ಜಾಗಗಳು ಬೇಕಾದಷ್ಟಿವೆ. ಕಲ್ಲಿನ ಪಕ್ಕ ನಿಂತ ಹೊಲದವರ ಮುಖ ಬೇಡ ಅಂತ ಚಿತ್ರದ ಅಂಚು ಕತ್ತರಿಸುತ್ತಾರೆ. ಎಕ್ಸಿಫ್ ಒಳಗೆ ಒಂದು ಕಿರುಚಿತ್ರ ಇರುತ್ತದೆ, ಅದಕ್ಕೆ ಅದರದೇ ಎಫ್‌ಎಫ್ ಡಿ8, ಅದರದೇ ಎಫ್‌ಎಫ್ ಡಿ9. ತಂತ್ರಾಂಶ ಅದನ್ನು ಹೊಸದಾಗಿ ಮಾಡದಿದ್ದರೆ ಮುಖ ಅಲ್ಲೇ ಉಳಿದಿರುತ್ತದೆ. ಕೆಲವು ಫೋನ್‌ಗಳಲ್ಲಿ ಚಲಿಸುವ ಫೋಟೊದ ಆಯ್ಕೆ ಇರುತ್ತದೆ. ಆಗ ಚಿತ್ರ ಮುಗಿದ ಮೇಲೂ ಕಡತದ ಬಾಲದಲ್ಲಿ ಕೆಲವು ಸೆಕೆಂಡಿನ ವಿಡಿಯೊ ಅಂಟಿಕೊಂಡಿರುತ್ತದೆ. ಸುತ್ತ ನಿಂತವರ ಮಾತೂ ಅದರಲ್ಲಿ ದಾಖಲಾಗಿರಬಹುದು. ಅವರನ್ನು ಯಾರೂ ಕೇಳಿರುವುದಿಲ್ಲ.

ಹಿರಿಯರು: ಇಂಥದ್ದನ್ನು ಅಳಿಸುವುದು ತಪ್ಪಲ್ಲ. ಅಳಿಸದಿರುವುದೇ ತಪ್ಪು. ಇಷ್ಟನ್ನು ನಾನು ಒಪ್ಪುತ್ತೇನೆ.

ಚಿತ್ರದ ದಿಕ್ಕಿನ ಟ್ಯಾಗ್ ಕೂಡ ತೊಡಕು ತರುತ್ತದೆ. ಫೋನನ್ನು ನೆಟ್ಟಗೆ ಹಿಡಿದು ತೆಗೆದ ಎತ್ತರದ ಕಲ್ಲಿನ ಫೋಟೊ ಕಡತದಲ್ಲಿ ಸಾಮಾನ್ಯವಾಗಿ ಅಡ್ಡಲಾಗಿಯೇ ಇರುತ್ತದೆ. ತೋರಿಸುವಾಗ ತಿರುಗಿಸು ಎಂದು ಒಂದು ಟ್ಯಾಗ್ 1ರಿಂದ 8ರವರೆಗಿನ ಒಂದು ಅಂಕಿಯಲ್ಲಿ ಹೇಳುತ್ತದೆ. ಚಿತ್ರವನ್ನು ನಿಜವಾಗಿ ತಿರುಗಿಸಿ ಈ ಅಂಕಿಯನ್ನು 1ಕ್ಕೆ ತರಲು ಮರೆತರೆ ಕಲ್ಲು ಎರಡು ಸಲ ತಿರುಗಿ ಮಲಗುತ್ತದೆ.

ಹಿರಿಯರು: ಈಗ ನನ್ನ ಮುಖ್ಯ ಸಂಶಯ. ರಸ್ತೆಗೆ ಜಾಗ ಬಿಡಿಸುವಾಗ ಒಂದು ವೀರಗಲ್ಲು ಕಾಣೆಯಾಯಿತು ಅಂತಿಟ್ಟುಕೊಳ್ಳಿ. ಡಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೊಸಕೋಟೆಗೆ ಉಪನಗರ ವರ್ತುಲ ರಸ್ತೆ ಬಂದಿದೆ. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ದೇವನಹಳ್ಳಿ ಸುತ್ತ ಹೊಲ ಹೋಗಿ ಲೇಔಟ್ ಆಗುತ್ತಲೇ ಇದೆ. ಕಲ್ಲು ಅಲ್ಲಿತ್ತು ಅಂತ ತೋರಿಸಲು ಇರುವುದು ಫೋಟೊ ಒಂದೇ. ನೀವು ಅದರೊಳಗೆ ಕನ್ನಡ ಸೇರಿಸಿ, ಗಡಿಯಾರ ಸರಿಪಡಿಸಿ, ಕಿರುಚಿತ್ರ ತೆಗೆದು ಇಟ್ಟಿರುತ್ತೀರಿ. ಎದುರಿನ ವಕೀಲರು ಇದು ತಿದ್ದಿದ ಕಡತ ಅಂದರೆ?

ಯುವತಿ: ಅಂದರೆ ಅದು ನಿಜವೇ. ಅದಕ್ಕೇ ತೆಗೆದ ದಿನವೇ ಮೂಲ ಕಡತದ ಹ್ಯಾಷ್ ಲೆಕ್ಕ ಹಾಕಿ ಬರೆದಿಡಬೇಕು. ಎಸ್‌ಎಚ್‌ಎ-256 ಪ್ರಕಾರ ಮಾಡಿದರೆ ಕಡತ ಎಷ್ಟೇ ದೊಡ್ಡದಿರಲಿ, 64 ಅಂಕಿ-ಅಕ್ಷರಗಳ ಒಂದು ಸಾಲು ಸಿಗುತ್ತದೆ. ಒಂದು ಬಿಟ್ ಬದಲಾದರೂ ಸಾಲು ಪೂರ್ತಿ ಬೇರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರದಲ್ಲಿ ಈ ಹ್ಯಾಷ್ ಮೌಲ್ಯ ತುಂಬಲು ಜಾಗವೇ ಇದೆ.

ಹಿರಿಯರು: ಹಾಗಾದರೆ ವಿವರ ಬರೆದ ಪ್ರತಿಗೆ ಆ ಬೆಲೆ ಇಲ್ಲ, ಬೆಲೆ ಇರುವ ಮೂಲದಲ್ಲಿ ವಿವರ ಇಲ್ಲ.

ಯುವತಿ: ವಿವರವನ್ನು ಪಕ್ಕದ ಕಡತದಲ್ಲಿ ಇಡಬಹುದು. ಅದೇ ಹೆಸರಿನ ಎಕ್ಸ್‌ಎಂಪಿ ಕಡತ, ಫೋಟೊದ ಜೊತೆಗೇ ಇರುತ್ತದೆ.

ಹಿರಿಯರು: ನೋಟ್‌ಬುಕ್ ಒಂದೇ ಮನೆಯಲ್ಲಿ ಉಳಿಯುತ್ತದೆ ಅಂದವಳು ನೀನೇ. ಪಕ್ಕದ ಕಡತದ ಗತಿಯೂ ಅದೇ ಅಲ್ಲವೆ? ಪೆನ್‌ಡ್ರೈವ್‌ಗೆ ಫೋಟೊ ಹಾಕಿಕೊಳ್ಳುವವರು ಅದನ್ನು ಏನೋ ಕಸ ಅಂತ ಬಿಟ್ಟುಹೋಗುತ್ತಾರೆ.

ಯುವತಿ: ಬಿಡುತ್ತಾರೆ. ಒಳಗೇ ಬರೆದಿದ್ದೂ ಗಟ್ಟಿಯಲ್ಲ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಎಕ್ಸಿಫ್ ಹೋಗುತ್ತದೆ, ಚಿತ್ರವೂ ಕುಗ್ಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಮಾತ್ರ ಉಳಿಯುತ್ತದೆ. ಅಡೋಬಿ, ಬಿಬಿಸಿ, ಮೈಕ್ರೋಸಾಫ್ಟ್ ಮುಂತಾದವರು 2021ರಲ್ಲಿ ಕಟ್ಟಿದ ಸಿ2ಪಿಎ ಎಂಬ ವ್ಯವಸ್ಥೆಯಲ್ಲಿ ಯಾರು ಏನು ತಿದ್ದಿದರು ಅನ್ನುವುದನ್ನು ಡಿಜಿಟಲ್ ಸಹಿಯ ಜೊತೆ ಕಡತದಲ್ಲೇ ಇಡುತ್ತಾರೆ. ತಿದ್ದುವುದನ್ನು ಅದು ತಡೆಯುವುದಿಲ್ಲ, ತಿದ್ದಿದ್ದನ್ನು ತೋರಿಸುತ್ತದೆ. ಆದರೆ ಅದೂ ಕಡತದ ಒಂದು ಖಂಡವೇ. ಕಿತ್ತು ಎಸೆದರೆ ಹೋಯಿತು.

ಹಿರಿಯರು: ಅಂದಮೇಲೆ ಇದಕ್ಕೆ ಯಂತ್ರದಲ್ಲಿ ಪೂರ್ತಿ ಪರಿಹಾರ ಇಲ್ಲ. ಮೂಲವನ್ನು ಯಾರಾದರೂ ಶ್ರದ್ಧೆಯಿಂದ ಕಾಯಲೇಬೇಕು.

ಇಬ್ಬರೂ ಒಂದೇ ಕಡೆಗೆ ಬರುತ್ತಿರುವಂತೆ ಕಂಡರೂ ಜಾಗದ ಟ್ಯಾಗಿನ ಮಾತು ಬಂದಾಗ ಬೇರೆಯಾಗುತ್ತಾರೆ. ಬೇರೆಯಾಗಲು ಗಟ್ಟಿ ಕಾರಣವೂ ಇದೆ. ಮೊದಲಿಂದ ‘ಮುಟ್ಟಬೇಡಿ’ ಎಂದವರು ಇಲ್ಲಿ ಅಳಿಸಿ ಎನ್ನುತ್ತಾರೆ. ತಿದ್ದಬಹುದು ಎಂದವಳು ಉಳಿಸಿ ಎನ್ನುತ್ತಾಳೆ.

ಹಿರಿಯರು: ಹೊರಗೆ ಕೊಡುವ ಪ್ರತಿಯಲ್ಲಿ ಅಕ್ಷಾಂಶ ರೇಖಾಂಶ ಇರಕೂಡದು. ನಿಧಿಯಾಸೆಗೆ ಹಳೆಯ ಗುಡಿಯ ಗರ್ಭಗುಡಿ, ವೀರಗಲ್ಲಿನ ಬುಡ ಅಗೆಯುವುದು ನಮ್ಮ ನಾಡಿನಲ್ಲಿ ಇಂದು ನಿನ್ನೆಯದಲ್ಲ. ಊರಾಚೆಯ ಹೊಲದಲ್ಲಿ ಒಂಟಿಯಾಗಿ ನಿಂತ ಕಲ್ಲಿಗೆ ಕಾವಲು ಯಾರು?

ಯುವತಿ: ರೈಸ್ ಸಂಪುಟದಲ್ಲಿ ಪ್ರತಿ ಶಾಸನದ ತಲೆಬರಹದಲ್ಲೇ ಇಂಥ ಊರಿನ, ಇಂಥ ಗುಡಿಯ ಈ ದಿಕ್ಕಿನಲ್ಲಿರುವ ಕಲ್ಲು ಅಂತ ಅಚ್ಚಾಗಿದೆ. 1905ರಿಂದ ಅದು ಗುಟ್ಟೇನಲ್ಲ.

ಹಿರಿಯರು: ಅದನ್ನು ಹಿಡಿದು ಹೋದವರು ಊರಿನಲ್ಲಿ ಇಳಿದು ನಾಲ್ಕು ಜನರನ್ನು ವಿಚಾರಿಸಬೇಕಿತ್ತು. ಊರಿಗೆ ಗೊತ್ತಾಗುತ್ತಿತ್ತು. ಫೋಟೊದಲ್ಲಿನ ಬಿಂದು ಇದ್ದರೆ ಯಾರನ್ನೂ ಕೇಳಬೇಕಿಲ್ಲ. ಕತ್ತಲಲ್ಲೂ ನೇರ ಕಲ್ಲಿನ ಬುಡಕ್ಕೇ ಕರೆದುಕೊಂಡು ಹೋಗುತ್ತದೆ.

ಯುವತಿ: ಆ ಬಿಂದುವಿನ ಬಲ ಅಷ್ಟಿದೆ, ನಿಜ. 2012ರಲ್ಲಿ ಪೊಲೀಸರಿಂದ ತಲೆಮರೆಸಿಕೊಂಡಿದ್ದ ಆ್ಯಂಟಿವೈರಸ್ ಉದ್ಯಮಿ ಜಾನ್ ಮ್ಯಾಕಫಿ ಗ್ವಾಟೆಮಾಲಾದಲ್ಲಿದ್ದಾರೆ ಅಂತ ಜಗತ್ತಿಗೆ ಗೊತ್ತಾಗಿದ್ದು ಒಂದು ಫೋಟೊದ ಎಕ್ಸಿಫ್‌ನಿಂದಲೇ. ಆದರೆ ಕಲ್ಲಿನ ಶತ್ರು ನಿಧಿಗಳ್ಳರು ಮಾತ್ರವಲ್ಲವಲ್ಲ. ಜೆಸಿಬಿ ಓಡಿಸುವವರಿಗೆ ಅದು ಶಾಸನ ಅಂತ ತಿಳಿದಿರುವುದಿಲ್ಲ. ರಸ್ತೆ, ಲೇಔಟ್‌ಗೆ ನಕ್ಷೆ ಬರೆಯುವ ಹೊತ್ತಿಗೆ ಬಿಂದು ಎಲ್ಲರಿಗೂ ಕಾಣುವಂತಿದ್ದರೆ ಯಾರಾದರೂ ಒಬ್ಬರು ಎದ್ದು ಕೇಳುತ್ತಾರೆ. ಬಚ್ಚಿಟ್ಟ ಕಲ್ಲಿಗೆ ಆ ಒಬ್ಬರೂ ಇರುವುದಿಲ್ಲ.

ಹಿರಿಯರು: ನಡುವಿನ ದಾರಿ ಇಲ್ಲವೆ? ಊರು ತಿಳಿಯಲಿ, ಕಲ್ಲು ತಿಳಿಯದಿರಲಿ.

ಯುವತಿ: ಅಂಕಿಯನ್ನು ಒರಟು ಮಾಡಬಹುದು. ದಶಮಾಂಶದ ನಾಲ್ಕು ಸ್ಥಾನ ಇದ್ದರೆ ಅಕ್ಷಾಂಶದಲ್ಲಿ ಸುಮಾರು 11 ಮೀಟರ್ ಒಳಗೆ ತೋರಿಸುತ್ತದೆ. ಎರಡೇ ಸ್ಥಾನ ಉಳಿಸಿದರೆ ಅದು ಸುಮಾರು 1.1 ಕಿಲೋಮೀಟರ್ ಆಗುತ್ತದೆ. ಆದರೆ ಎಕ್ಸಿಫ್‌ನಲ್ಲಿ ಡಿಗ್ರಿ, ನಿಮಿಷ, ಸೆಕೆಂಡ್ ಅಂತ ಮೂರು ಭಿನ್ನರಾಶಿ ಇರುತ್ತವೆ, ಒಂದು ಸೆಕೆಂಡ್ ಅಂದರೆ ಸುಮಾರು 31 ಮೀಟರ್. ಒರಟು ಮಾಡಿದ ಅಂಕಿಯನ್ನು ಹಾಗೆ ಬರೆದಾಗ ಅದೂ ನಿಖರವಾದ ಬಿಂದುವಿನಂತೆಯೇ ಕಾಣುತ್ತದೆ. ನೋಡಿದವರು ಕಲ್ಲು ಅಲ್ಲೇ ಇದೆ ಅಂತ ನಂಬಿ ಯಾರದೋ ತೋಟಕ್ಕೆ ನುಗ್ಗುತ್ತಾರೆ. ಹಾಗಾಗಿ ಸ್ಥಾನದ ದೋಷ ಎಷ್ಟು ಅಂತ ಹೇಳುವ ಟ್ಯಾಗನ್ನೂ ಜೊತೆಗೆ ತುಂಬಬೇಕು.

ಹಿರಿಯರು: ತುಂಬಲಿ. ಕಳ್ಳರು ಒಂದು ಕಿಲೋಮೀಟರ್ ಹುಡುಕಲಿ.

ಯುವತಿ: ಕಳ್ಳರು ಹುಡುಕುತ್ತಾರೆ, ಅವರಿಗೆ ಬಿಡುವಿದೆ. ರಜೆ ದಿನ ಬಸ್ಸಿನಲ್ಲಿ ಬಂದ ವಿದ್ಯಾರ್ಥಿ ಹುಡುಕಲಾರದೆ ವಾಪಸ್ ಹೋಗುತ್ತಾಳೆ.

ಹಿರಿಯರು: ಅವಳು ಊರಿನವರನ್ನು ಕೇಳಲಿ. ನಾನೆಂದಿದ್ದು ಅದನ್ನೇ.

ಜಾಗವನ್ನು ಅಂಕಿಯ ಬದಲು ಹೆಸರಿನಲ್ಲಿ ಬರೆದರೆ ತೊಡಕು ಬೇರೆ ಬಗೆಯದು. ರೈಸ್ ಸಂಪುಟಕ್ಕೆ ಇದೆಲ್ಲ ಒಂದೇ ಬೆಂಗಳೂರು ಜಿಲ್ಲೆ, ಮೈಸೂರು ಸಂಸ್ಥಾನ. ಗ್ರಾಮಾಂತರ ಜಿಲ್ಲೆ ಬೇರೆಯಾಗಿದ್ದು 1986ರಲ್ಲಿ. ಅದರಿಂದ ರಾಮನಗರ ಒಡೆದಿದ್ದು 2007ರಲ್ಲಿ. 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ತೀರ್ಮಾನಿಸಿತು. ಹಾಗೆಂದು ಸಂಗ್ರಹದ ಎಲ್ಲ ಕಡತಗಳಲ್ಲಿ ಜಿಲ್ಲೆಯ ಹೆಸರನ್ನು ಒಮ್ಮೆಗೇ ಬದಲಿಸುವುದು ಸರಿಯಾಗದು. ಫೋಟೊ ತೆಗೆದ ದಿನ ಜಿಲ್ಲೆಗೆ ಯಾವ ಹೆಸರಿತ್ತು ಎಂಬುದೂ ದಾಖಲೆಯೇ. ಕಲ್ಲನ್ನು ಕಾಲ ಕಳೆದರೂ ಗುರುತಿಸಲು ರೈಸ್ ಕೊಟ್ಟ ತಾಲೂಕುವಾರು ಸಂಖ್ಯೆಯೇ ಹೆಚ್ಚು ಗಟ್ಟಿ.

ಹಿರಿಯರು: ಕೆರೆ ಏರಿ ಮೇಲಿದ್ದ ಕಲ್ಲನ್ನು ತಂದು ಗುಡಿ ಮುಂದೆ ನಿಲ್ಲಿಸಿರುತ್ತಾರೆ. ಫೋಟೊ ತೆಗೆದರೆ ಗುಡಿಯ ಜಾಗ ದಾಖಲಾಗುತ್ತದೆ. ಕೆರೆಯ ಜಾಗ ಎಲ್ಲಿ ಬರೆಯಬೇಕು?

ಯುವತಿ: ಐಪಿಟಿಸಿಯ ಹೊಸ ಪಟ್ಟಿಯಲ್ಲಿ ಎರಡು ಜಾಗ ಇವೆ: ಕ್ಯಾಮೆರಾ ಇದ್ದ ಸ್ಥಳ ಒಂದು, ಚಿತ್ರದಲ್ಲಿ ಕಾಣುವ ಸ್ಥಳ ಇನ್ನೊಂದು. ಕಲ್ಲು ಮೊದಲಿದ್ದ ಜಾಗ ಈ ಎರಡೂ ಅಲ್ಲ. ಎಕ್ಸಿಫ್‌ನಲ್ಲಿ ಅದಕ್ಕೆ ಟ್ಯಾಗೇ ಇಲ್ಲ. ಎಕ್ಸ್‌ಎಂಪಿಯಲ್ಲಿ ನಮ್ಮದೇ ಒಂದು ಟ್ಯಾಗ್ ಕಟ್ಟಿಕೊಳ್ಳಬಹುದು, ರಚನೆ ಅದಕ್ಕೆ ಅವಕಾಶ ಕೊಟ್ಟಿದೆ. ಆದರೆ ನಾವು ಕಟ್ಟಿದ್ದನ್ನು ಬೇರೆಯವರ ತಂತ್ರಾಂಶ ತೋರಿಸುತ್ತದೆ ಅನ್ನುವ ಭರವಸೆ ಇಲ್ಲ.

ಹಿರಿಯರು: ವಿವರಣೆಯ ಟ್ಯಾಗಿನಲ್ಲಿ ಕನ್ನಡದಲ್ಲೇ ಬರೆಯೋಣ. ಮೊದಲು ಕೆರೆಯ ತೂಬಿನ ಪಕ್ಕ ಇತ್ತು, ಏರಿ ದುರಸ್ತಿಯಲ್ಲಿ ಗುಡಿಗೆ ಬಂತು, ಹೇಳಿದವರು ಊರಿನ ಹಿರಿಯರು, ಇಂಥ ವರ್ಷ.

ಯುವತಿ: ಹಾಗೆ ವಾಕ್ಯವಾಗಿ ಬರೆದದ್ದನ್ನು ಯಂತ್ರ ನಕ್ಷೆಯ ಮೇಲೆ ಇಡಲಾರದು. ಜಾಗ ಬದಲಿಸಿದ ಕಲ್ಲುಗಳನ್ನೆಲ್ಲ ಒಟ್ಟಿಗೆ ತೋರಿಸು ಅಂದರೆ ತೋರಿಸಲಾರದು. ನಾನು ಎರಡನ್ನೂ ಬರೆಯುತ್ತೇನೆ, ಟ್ಯಾಗನ್ನೂ ವಾಕ್ಯವನ್ನೂ.

ಹಿರಿಯರು: ಬರೆ. ಟ್ಯಾಗಿನಲ್ಲಿ ಕೆರೆಯ ಬಿಂದು ಪೂರ್ತಿ ನಾಲ್ಕು ಸ್ಥಾನ ಇರಲಿ. ಅಲ್ಲಿ ಈಗ ಕಲ್ಲಿಲ್ಲ. ಗುಡಿಯದು ಎರಡೇ ಸ್ಥಾನ.

ಯುವತಿ: ಗುಡಿಯ ಮುಂದೆ ದಿನವೂ ಜನ ಇರುತ್ತಾರೆ. ಅದಕ್ಕೂ ನಾಲ್ಕು ಸ್ಥಾನ ಕೊಡಬಹುದು. ಎರಡು ಸ್ಥಾನ ಒಂಟಿ ಹೊಲದ ಕಲ್ಲಿಗೆ ಮಾತ್ರ ಸಾಕು.

ಹಿರಿಯರು: ಎಲ್ಲ ಗುಡಿಯ ಮುಂದೂ ಇರುವುದಿಲ್ಲ. ನೆಲಮಂಗಲ ತಾಲೂಕಿನ ಮಣ್ಣೆಯಂಥ ಕಡೆ ಎಷ್ಟು ಗುಡಿ ಪಾಳು ಬಿದ್ದಿವೆ, ನೋಡಿಕೊಂಡು ಬಾ. ಕಲ್ಲಿಗೊಂದು ತೀರ್ಮಾನ ಮಾಡೋಣ, ಒಂದೇ ಆಜ್ಞೆ ಕೊಟ್ಟು ಎಲ್ಲ ಕಡತಕ್ಕೂ ಓಡಿಸುವುದು ಬೇಡ.